ದೊಡ್ಡಬೀರಪ್ಪನ ನಾಲ್ಕು ಮಳೆಗಾಲ

ಭೈರವಾನಿತಿಪ್ಪದ ಕಡೆಯ ಹಟ್ಟಿಗಳಲ್ಲಿ ಕುರಿ ಕೊಯ್ದರೆ ಕೂಡಲೇ ಒಲೆ ಹಚ್ಚುತ್ತಿರಲಿಲ್ಲ. ಮೊದಲು ಕಾಳಿಜವನ್ನು ಮುತ್ತುಗದ ಎಲೆಯ ಮೇಲಿಟ್ಟುಕೊಂಡು ದೊಡ್ಡಬೀರಪ್ಪನ ಮನೆಗೆ ಹೋಗುತ್ತಿದ್ದರು. ಪುಸ್ತಕದವರು ಪಿತ್ತಜನಕಾಂಗ ಎಂದು ಬಾಯಿ ತುಂಬ ಕರೆಯುವುದನ್ನೇ ನಮ್ಮ ಜನ ಕಾಳಿಜ ಎನ್ನುವುದು. ಕೊಯ್ದ ಕುರಿಯ ಕತೆ ಮುಗಿಯಿತು, ಆದರೆ ಹಿಂಡಿನಲ್ಲಿ ಉಳಿದ ಕುರಿಗಳ ಗತಿಯೇನು ಎನ್ನುವುದು ಅದರಲ್ಲಿ ಇರುತ್ತದೆ ಎಂದು ಬೀರಪ್ಪನ ಲೆಕ್ಕ.

ಇದು ಶಕುನ ಹೇಳುವ ಕೆಲಸವಲ್ಲ. ಅವನ ಮೈಮೇಲೆ ದೇವರು ಬರುತ್ತಿರಲಿಲ್ಲ, ಕಣ್ಣು ಮುಚ್ಚಿ ತೂಗಾಡುತ್ತಲೂ ಇರಲಿಲ್ಲ. ಹೆಬ್ಬೆರಳಿನಿಂದ ಒತ್ತುವನು, ಮೂಸುವನು, ಗಿಡ್ಡ ಚೂರಿಯಿಂದ ಪಿತ್ತದ ಕೊಳವೆಗಳನ್ನು ಉದ್ದಕ್ಕೆ ಸೀಳಿ ಬಿಸಿಲಿಗೆ ಹಿಡಿಯುವನು. ಕಾಳಿಜದಲ್ಲಿ ಬೆಳೆಯಬಾರದ್ದು ಬೆಳೆದರೆ ಅದರಲ್ಲಿ ಮೂರು ಬಗೆ ಎಂದು ಅವನು ತಾನೇ ಕಂಡುಕೊಂಡಿದ್ದ. ಒಂದು ಕಡೆ ಕೂತು ದಪ್ಪಗಾಗುವುದು ಗೆಡ್ಡೆ. ಕೊಳವೆಯ ಗೋಡೆ ಹಿಡಿದು ಸದ್ದಿಲ್ಲದೆ ಹಬ್ಬುವುದು ಬಳ್ಳಿ. ಹೊರಗಿನಿಂದ ಕಾಳಿಜ ಹೊಸ ಚಪ್ಪಲಿಯ ಹಾಗೆ ಹೊಳೆಯುತ್ತಿರುತ್ತದೆ, ಸೀಳಿದರೆ ಕೊಳವೆ ಬಳಪದ ಕಡ್ಡಿಯಷ್ಟು ಗಟ್ಟಿ. ಮೂರನೆಯದು ಕೊಳವೆಯ ಒಳಕ್ಕೇ ಜೋತುಬಿದ್ದು ದಾರಿ ಕಟ್ಟುವುದು, ಅದು ಗೊಂಚಲು. ಅದು ಬಹಳ ಅಪರೂಪ. ನಲವತ್ತು ವರ್ಷದಲ್ಲಿ ನಾಲ್ಕೇ ಕಂಡಿದ್ದೇನೆ ಎನ್ನುತ್ತಿದ್ದ. ಯಾವುದು ಎಂದು ತಿಳಿದರೆ ಎಷ್ಟು ದಿನ ಎಂದು ತಾನೇ ತಿಳಿಯುತ್ತದೆ ಎಂದು ಅವನ ಶಾಸ್ತ್ರ.

ಈ ಶಾಸ್ತ್ರಕ್ಕೆ ಒಂದೇ ಕಟ್ಟಳೆ. ಹಿಂಡಿನ ಯಜಮಾನ ನಿಂತುಕೊಂಡು ಕೇಳಬೇಕು. ಒಮ್ಮೆ ಅವನ ಅಳಿಯ ಸೂರಪ್ಪ ನನ್ನೆದುರಿಗೇ ತಕರಾರು ತೆಗೆದ.

"ಮಾವ, ಮಂಡಿ ನೋವೈತಿ. ಕುಂತು ಕೇಳ್ತೀನಿ."

"ನೋವಾಗ್ಲಿ, ಏಳು. ಕುಂತು ಕೇಳಿದೋರು ಅಲ್ಲೇ ಎಲಿ ಅಡಿಕಿ ಹಾಕ್ಕೊಂಡು ಅಡ್ಡ ಆಗ್ತಾರ. ನಿಂತೋನು ಹಂಗೇ ಕುರಿ ಕಡಿಗೆ ಹೋಗ್ತಾನ. ಕೇಳು, ನಿನ್ನ ಕುರಿ ಹಗರಿ ಹೊಳಿ ಮಡುವಿನ ನೀರು ಕುಡದು ಬಳ್ಳಿ ಹಬ್ಬೈತಿ. ಇನ್ನ ಹದಿನೈದು ದಿನ ಅಲ್ಲೇ ಬಿಟ್ಟಿ ಅಂದ್ರ ದೀವಳಿಗಿಗೆ ಅರ್ಧ ಹಿಂಡು ಇರಂಗಿಲ್ಲ. ಇವತ್ತೇ ಗುಡ್ಡಕ್ಕ ಹೊಡಿ."

"ಒಂಚೂರು ಸಮಾಧಾನದ ಮಾತು ಹೇಳಬಾರದೇನು ಮಾವ?"

"ಹೇಳಿದ್ನಲ್ಲೋ. ಇನ್ನರ್ಧ ಉಳೀತೈತಿ."

ನೋಡಿ ಮುಗಿದ ಮೇಲೆ ಕಾಳಿಜವನ್ನು ವಾಪಸು ಕೊಟ್ಟುಬಿಡುವನು. ತಾನು ಮಾತ್ರ ಜನ್ಮದಲ್ಲಿ ಅದನ್ನು ತಿಂದವನಲ್ಲ. ಇಷ್ಟು ಹೊತ್ತು ಮಾತಾಡಿಸಿದ್ದನ್ನು ಹೇಗೆ ತಿನ್ನುವುದು ಎಂದು ಅವನಿಗೆ ಸಂಕೋಚ.

ನಾನು ಮಡಕಶಿರಾದವನು. ರಾಯದುರ್ಗದ ದವಾಖಾನೆಗೆ ಕಂಪೌಂಡರಾಗಿ ಬಂದಾಗ ನನಗೆ ಮೂವತ್ತು ತುಂಬಿರಲಿಲ್ಲ. ಅಲ್ಲಿ ಕೊಡುತ್ತಿದ್ದ ಔಷಧಿ ಮೂರು: ಕೆಂಪು ನೀರು, ಬಿಳಿ ನೀರು, ಅವೆರಡೂ ಮುಗಿದ ದಿನ ನಾನು ಹೇಳುತ್ತಿದ್ದ ಸಮಾಧಾನ. ಮೂರನೆಯದರಿಂದ ಗುಣವಾದವರೇ ಹೆಚ್ಚು ಎಂದು ಇವತ್ತಿಗೂ ನಂಬಿದ್ದೇನೆ. ಬೀರುವಿನಲ್ಲಿ ಒಂದು ದಪ್ಪ ಇಂಗ್ಲಿಷ್ ವೈದ್ಯಪುಸ್ತಕವಿತ್ತು. ಬಿಡುವಾದಾಗ ಅದನ್ನು ಓದುವುದು ನನ್ನ ಚಟ, ಓದಿದ ರೋಗವೆಲ್ಲ ನನಗೆ ಬರುವುದು ನನ್ನ ಹಣೆಬರಹ. ಹೃದಯದ ಅಧ್ಯಾಯದಲ್ಲಿ ಎದೆ ಹಿಡಿದುಕೊಂಡೆ, ಮೂತ್ರಪಿಂಡದ ಅಧ್ಯಾಯದಲ್ಲಿ ಸೊಂಟ. ಗರ್ಭಕೋಶದ ಅಧ್ಯಾಯ ನಡೆದ ಒಂದು ವಾರ ಮಾತ್ರ ಆರೋಗ್ಯವಾಗಿದ್ದೆ.

ಬೀರಪ್ಪನ ಪರಿಚಯವಾದದ್ದು ರಾಯದುರ್ಗದ ಸಂತೆಯಲ್ಲಿ. ನಾನು ಕಾಳಿಜ ಕೊಂಡು ಹೋಗುತ್ತಿದ್ದೆ. ಹೆಗಲ ಮೇಲೆ ಕರಿ ಕಂಬಳಿ ಹೊತ್ತ ಒಬ್ಬ ಅಡ್ಡಗಟ್ಟಿ, ಎಲೆ ಬಿಚ್ಚಿ, ಹೆಬ್ಬೆರಳು ಒತ್ತಿದ.

"ತಿನ್ರಿ, ನಿಮಗೇನೂ ಆಗಂಗಿಲ್ಲ. ಆದ್ರ ಈ ಕುರಿ ಸಾಕಿದೋನು ಯಾರಂತ ಕೇಳ್ಕೊಂಡು ಬರ್ರಿ. ಅವಗ ಹೇಳೋದೈತಿ."

ಬಿಸಿಲಲ್ಲಿ ಅರ್ಧ ಸಂತೆ ಸುತ್ತಿ ಆ ಮನುಷ್ಯನನ್ನು ಹುಡುಕಿಕೊಟ್ಟ ಮೇಲೇ ನನ್ನ ಅಡಿಗೆಯ ಸಾಮಾನು ನನಗೆ ಸಿಕ್ಕಿದ್ದು. ಅಂದಿನಿಂದ ಸ್ನೇಹ.

ಮೂವತ್ತೈದನೇ ಇಸವಿ, ಮುಂಗಾರಿನ ಆರಂಭ. ಅವನ ಹೆಂಡತಿ ಉಜ್ಜಿನಮ್ಮ ಅವನನ್ನು ದವಾಖಾನೆಗೆ ಎಳೆದುಕೊಂಡು ಬಂದಳು. ಬೀರಪ್ಪ ಬಾಗಿಲ ಕಂಬಕ್ಕೆ ಬೆನ್ನು ಉಜ್ಜುತ್ತ ನಿಂತ. ಕಣ್ಣು, ಅಂಗೈ, ಉಗುರು ಎಲ್ಲ ಹಳದಿ.

"ಕಂಪೌಂಡ್ರ, ಈ ಮನ್ಷಾನ್ನ ನೋಡ್ರಿ. ಅಂಗಿ ಒಗದ್ರ ನೀರು ಅರಿಶಿಣ ಆಗ್ತೈತಿ. ಮದುವ್ಯಾಗೂ ಇಷ್ಟು ಅರಿಶಿಣ ಮೈಗೆ ಹತ್ತಿದ್ದಿಲ್ಲ."

"ಮದುವ್ಯಾಗ ಅರಿಶಿಣ ಅರದೋರು ನಿಮ್ಮ ಕಡ್ಯಾರು. ಚಿಟಿಕಿ ಅರದ್ರ ಹ್ಯಾಂಗ ಹತ್ತೀತು?" ಎಂದ ಬೀರಪ್ಪ, ಬೆನ್ನು ಉಜ್ಜುವುದನ್ನು ನಿಲ್ಲಿಸದೆ.

ಬಿಳಿ ನೀರು ಕೊಟ್ಟೆ. ಕೆಂಪು ನೀರು ಕೊಟ್ಟೆ. ಹನ್ನೆರಡು ದಿನದಲ್ಲಿ ಹಳದಿ ಇನ್ನೊಂದು ಬಣ್ಣ ಏರಿತು. ಸಮಾಧಾನ ಹೇಳಲು ಹೋದರೆ ಅವನು ತೆಗೆದುಕೊಳ್ಳುವ ಪೈಕಿಯಲ್ಲ. ಕಡೆಗೆ ನಾಚಿಕೆ ಬಿಟ್ಟು ನಮ್ಮ ಸೋದರತ್ತೆಯ ಹೆಸರು ಹೇಳಿದೆ. ರೊಳ್ಳದ ಕದರಮ್ಮ ಅಂದರೆ ಕಾಮಾಲೆಗೆ ಸೊಪ್ಪು ಕೊಡುವುದರಲ್ಲಿ ಮಡಕಶಿರಾ ತಾಲ್ಲೂಕಿಗೆಲ್ಲ ಹೆಸರಾದವಳು. ತಾಯಿಗೆ ಕಾಯಿಲೆ ಎಂದು ರಜಾ ಚೀಟಿ ಬರೆದು, ಗಂಡಹೆಂಡಿರನ್ನು ಎರಡು ಬಸ್ಸು ಒಂದು ಎತ್ತಿನ ಗಾಡಿಯಲ್ಲಿ ಅಲ್ಲಿಗೆ ಮುಟ್ಟಿಸಿದೆ. ನಮ್ಮ ತಾಯಿ ಅಲ್ಲೇ ಮಡಕಶಿರಾದಲ್ಲಿ ನನಗಿಂತ ಗಟ್ಟಿಯಾಗಿ ಕಡಲೆಕಾಯಿ ಸುಲಿಯುತ್ತಿದ್ದಳು.

ಅತ್ತೆ ನನ್ನನ್ನು ನೋಡಿದ್ದೇ ಸೊಂಟದ ಮೇಲೆ ಕೈಯಿಟ್ಟಳು. "ಏನ್ಲಾ ನರಸಪ್ಪ, ಇಂಗ್ಲೀಸ್ ಔಸ್ದಿ ಕೊಡೋನು ನನ್ನತ್ರ ಕರ್ಕಂಡ್ ಬಂದೆ? ನಿಮ್ ಡಾಕ್ಟ್ರಿಗೆ ಗೊತ್ತಾದ್ರೆ?"

"ಅವ್ರೇನೂ ಅನ್ನಲ್ಲ ಅತ್ತೆ. ಹೋದ್ ವರ್ಸ ಅವ್ರ ಭಾವಮೈದುನಂಗೆ ನಿನ್ ಸೊಪ್ಪೇ ಒಯ್ದಿದ್ದೆ."

ಸೊಪ್ಪಿನ ರಸ ಮೂರು ಸಲ, ಉಪ್ಪಿಲ್ಲದ ಪಥ್ಯ, ಒಂಬತ್ತು ದಿನ. ಬೀರಪ್ಪ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಕೂತು ಮೈ ಕೆರೆದುಕೊಳ್ಳುತ್ತ, ಅತ್ತೆಯ ಮೇಕೆಗಳ ಬಗ್ಗೆ ಕೇಳದಿದ್ದ ಅಭಿಪ್ರಾಯವೆಲ್ಲ ಹೇಳಿದ. ಒಂಬತ್ತನೇ ದಿನ ಅತ್ತೆ ನನ್ನನ್ನೂ ಉಜ್ಜಿನಮ್ಮನನ್ನೂ ಹಿತ್ತಲಿಗೆ ಕರೆದಳು.

"ಇದು ನನ್ದಲ್ಲ ಕಣಪ್ಪ. ನನ್ದಾದ್ರೆ ಇಷ್ಟೊತ್ಗೆ ಕಣ್ಣು ಬೆಳ್ಳಗಾಗ್ಬೇಕಿತ್ತು. ಕಾಮಾಲೆ ಬಂದೋರಿಗೆ ಅನ್ನ ಕಂಡ್ರೆ ವಾಕರಿಕೆ. ಇವ್ರು ನೋಡಿದ್ರೆ ಉಪ್ಪಿಲ್ದಿದ್ರೂ ಮುದ್ದೆ ಮೇಲೆ ಮುದ್ದೆ ನುಂಗ್ತಾವ್ರೆ. ಪಿತ್ತ ಬರೋ ದಾರೀಲಿ ಏನೋ ಕುಂತದೆ. ಅದನ್ನ ತಗ್ಯೋರತ್ರ ಕರ್ಕಂಡೋಗು."

ತನ್ನ ಕೈಲಾಗದು ಎಂದು ಒಬ್ಬ ವೈದ್ಯರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಕೆಲಸ ಮಾಡುವವರು ಬಳ್ಳಾರಿಯಲ್ಲಿದ್ದರು. ಡಾಕ್ಟರ್ ವೈದ್ಯಲಿಂಗಂ, ತಂಜಾವೂರಿನ ಕಡೆಯವರು. ಬಳ್ಳಾರಿಗೆ ಬಂದು ಹತ್ತು ವರ್ಷವಾಗಿತ್ತು. ಕನ್ನಡ ಕಲಿತಿದ್ದರು, ಆದರೆ ಬಹುವಚನ ಮಾತ್ರ ಕಲಿತಿದ್ದರು. ಮರ್ಯಾದೆ ತಪ್ಪೀತೆಂಬ ಭಯದಲ್ಲಿ ರೋಗಿಗೂ ರೋಗಕ್ಕೂ ಸಮನಾಗಿ ಗೌರವ ಕೊಡುತ್ತಿದ್ದರು. "ಜ್ವರದವರು ಯಾವಾಗ ಬಂದರು?" ಎನ್ನುವರು. ಬೀರಪ್ಪನ ಹೊಟ್ಟೆಯನ್ನು ಬಹಳ ಹೊತ್ತು ಒತ್ತಿದರು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು.

ಪಿತ್ತನಾಳ ಕಾಳಿಜದಿಂದ ಹೊರಬೀಳುವ ಬಾಯಲ್ಲೇ ಏನೋ ಬೆಳೆದಿದೆ. ಹೆಚ್ಚಾಗಿ ಕ್ಯಾನ್ಸರು. ಅದರಲ್ಲಿ ಬೇರೆ ಬೇರೆ ಬಗೆಯಿದೆ, ಹೊಟ್ಟೆ ತೆರೆದು ನೋಡದೆ ಯಾವುದೆಂದು ಹೇಳಲಾಗದು. ಕೆಟ್ಟ ಬಗೆಯಾದರೆ ಮೂರು ತಿಂಗಳು. ಒಳ್ಳೆಯ ಬಗೆಯ ಮೇಲೆ ಆಸೆ ಇಡಬೇಡ. ತೆರೆಯುವುದಕ್ಕೆ ಒಪ್ಪಿದರೆ ಹದಿನೈದು ದಿನದೊಳಗೆ ಕರೆದುಕೊಂಡು ಬಾ.

"ಏನಂತಾರ್ರಿ?" ಎಂದ ಬೀರಪ್ಪ.

ಒಳಗೆ ಬರುವ ಮುಂಚೆ ಉಜ್ಜಿನಮ್ಮ ನನ್ನಿಂದ ಬೀರದೇವರ ಮೇಲೆ ಆಣೆ ಮಾಡಿಸಿಕೊಂಡಿದ್ದಳು: ಕೆಟ್ಟ ಸುದ್ದಿಯಾದರೆ ಅವನಿಗೆ ಹೇಳಕೂಡದು. ನಿಜ ಹೇಳಬೇಕೆಂದರೆ ಆಣೆ ಬೇಕಾಗಿಯೇ ಇರಲಿಲ್ಲ. ಸುಳ್ಳು ಸಮಾಧಾನದಲ್ಲಿ ನಾನು ಪಳಗಿದವನು.

"ಕಲ್ಲಂತೆ," ಎಂದೆ. "ಪಿತ್ತದಲ್ಲಿ ಸಣ್ಣ ಕಲ್ಲು. ತೆಗೆದ್ರೂ ಆಯ್ತಂತೆ, ಬಿಟ್ರೂ ಕರಗ್ತದಂತೆ."

ಬೀರಪ್ಪ ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, "ಹೌದಾ" ಎಂದು ಕಂಬಳಿ ಹೊದ್ದುಕೊಂಡ.

ಉಜ್ಜಿನಮ್ಮನಿಗೆ ನಾನು ದಾರಿಯಲ್ಲಿ ನಿಜ ಹೇಳಿದ್ದೆ. ಅವಳು ಮಗಳಿಗೆ ಹೇಳಿದಳು, ಮಗಳು ಗಂಡ ಸೂರಪ್ಪನಿಗೆ. ಆಮೇಲೆ ಹಟ್ಟಿಯಲ್ಲಿ ಅದು ಗೊತ್ತಿಲ್ಲದೆ ಉಳಿದವನು ಬೀರಪ್ಪ ಒಬ್ಬನೇ. ಅವನ ಮುಂದೆ ಕಾಳಿಜದ ಸುದ್ದಿಯನ್ನೇ ಎತ್ತಬಾರದು ಎಂದು ಎಲ್ಲರೂ ಮಾತಾಡಿಕೊಂಡರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ. ಆದರೆ ಅದೇ ತಪ್ಪಾಯಿತು.

ಹನ್ನೆರಡನೇ ದಿನ ಬೆಳಿಗ್ಗೆ ಸೂರಪ್ಪನ ಗಾಡಿ ದವಾಖಾನೆಯ ಮುಂದೆ ನಿಂತಿತು. ಬೀರಪ್ಪ ಇಳಿದು ಬಂದ. ಉಜ್ಜಿನಮ್ಮ ಗಾಡಿಯಲ್ಲೇ ಕೂತಳು, ಸೂರಪ್ಪ ಎತ್ತುಗಳ ಹಿಂದೆ ಮುಖ ಮರೆಸಿಕೊಂಡ.

"ಕಂಪೌಂಡ್ರ, ನಮ್ಮ ಹಟ್ಟ್ಯಾಗ ಹನ್ನೆರಡು ದಿನದಿಂದ ಒಬ್ರೂ ಕುರಿ ಕೊಯ್ದಿಲ್ಲ."

"ಒಳ್ಳೇದಾಯ್ತಲ್ಲ ಯಜಮಾನ್ರೇ. ಹಿಂಡು ಹೆಚ್ತದೆ."

"ಹಟ್ಟಿ ತುಂಬ ಮಸಾಲಿ ವಾಸನಿ ಐತಿ. ಈ ಸೂರಪ್ಪನ ನಾಯಿ ಎಲುಬು ಕಚ್ಕೊಂಡು ನನ್ನ ಮುಂದೇ ಹೋತು. ಎಲ್ರೂ ತಿನ್ನಾಕ ಹತ್ಯಾರ, ಕಾಳಿಜ ಮಾತ್ರ ನನ್ನ ಮನೀಗೆ ಬರವಲ್ದು." ಅವನು ಮೇಜಿನ ಮೇಲೆ ಕೈಯೂರಿದ. "ಅಂದ್ರ ನನಗೇನೋ ಆಗೈತಿ. ಅದು ಕಾಳಿಜದಾಗ ಐತಿ. ಅದು ನಾಯಿಗೂ ಗೊತ್ತೈತಿ, ನನಗೊಬ್ಬಗ ಗೊತ್ತಿಲ್ಲ."

"ಕಲ್ಲು ಅಂತ ಹೇಳಿದ್ನಲ್ಲ..."

"ಕಲ್ಲಾದ್ರ ನೋವಿರಬೇಕಲ್ರಿ. ಪಿತ್ತದಾಗ ಕಲ್ಲಿರೋ ಕುರಿ ಹಲ್ಲು ಕಡೀತೈತಿ, ಹೊಟ್ಟಿ ನೆಲಕ್ಕೊತ್ತಿ ಮಲಗ್ತೈತಿ. ನನಗ ತುರಿಕಿ ಐತಿ, ನೋವಿಲ್ಲ. ನೋವಿಲ್ದ ಹಳದಿ ಆಗೋದು ಕಲ್ಲಲ್ಲ. ಸುಳ್ಳು ಹೇಳೋದಿದ್ರ ಕುರಿ ಬಲ್ಲೋನಿಗೆ ಹೇಳಬ್ಯಾಡ್ರಿ, ಬ್ಯಾರೇರಿಗೆ ಹೇಳ್ರಿ." ನೆಟ್ಟಗಾಗಿ ಕೈ ಕಟ್ಟಿಕೊಂಡ. "ನಿಂತೀನಿ. ಈಗ ಹೇಳ್ರಿ."

ಮುಂದಿನ ತಿಂಗಳು ಇರುತ್ತಾನೋ ಇಲ್ಲವೋ ಎನ್ನುವ ಮನುಷ್ಯ ನಿಂತಿದ್ದಾನೆ, ಹೇಳಬೇಕಾದ ಕಂಪೌಂಡರ್ ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದಾನೆ. ನಾನು ಕುರ್ಚಿಯಲ್ಲಿ ಕೂತೇ ಹೇಳಿದೆ. ಕ್ಯಾನ್ಸರು ಎಂದೆ, ಮೂರು ತಿಂಗಳು ಎಂದೆ, ಒಳ್ಳೆಯ ಬಗೆಯೂ ಒಂದಿದೆಯಂತೆ, ಆಸೆ ಇಡಬೇಡ ಎಂದರು ಎಂದೆ. ಅವನು ಗಡ್ಡ ಕೆರೆದುಕೊಂಡ.

"ಗೆಡ್ಡಿ ಅಂತೋ, ಬಳ್ಳಿ ಅಂತೋ, ಗೊಂಚಲು ಅಂತೋ?"

"ಹೊಟ್ಟೆ ತೆರೆದ್ರೆ ಗೊತ್ತಾಗೋದಂತೆ."

"ಹಂಗಾದ್ರ ಮೊದಲು ಅವ್ರಿಗೆ ಇವು ಗೊತ್ತದಾವೋ ಇಲ್ಲೋ ನೋಡಬೇಕು. ಗೊತ್ತಿಲ್ದೋನ ಕೈಗೆ ಹೊಟ್ಟಿ ಕೊಡಾಕಾಗಲ್ಲ. ನಡೀರಿ."

ಬಳ್ಳಾರಿಯಲ್ಲಿ ರೈಲಿಳಿದವನೇ ಕೌಲ್ ಬಜಾರಿಗೆ ಹೋದ. ಕಟುಕರ ಅಂಗಡಿಯಲ್ಲಿ ಇದ್ದ ಕಾಳಿಜಗಳನ್ನೆಲ್ಲ ಒತ್ತಿ ಒತ್ತಿ ಎರಡನ್ನು ಆರಿಸಿದ. ಇಷ್ಟೊಂದು ಇರುವಾಗ ಯಾರೂ ಕೊಳ್ಳದ ಎರಡನ್ನೇ ಹೇಗೆ ಹುಡುಕಿದೆ ಎಂದು ಕಟುಕನಿಗೆ ಆಶ್ಚರ್ಯ. ಆಸ್ಪತ್ರೆಯ ಅಂಗಳದ ಬೇವಿನ ಮರದಿಂದ ಒಂದು ಗೊಂಚಲು ಹಣ್ಣು ಕಿತ್ತುಕೊಂಡ. ಹಿಂದೆ ಉಜ್ಜಿನಮ್ಮ ಮೂಗು ಸೀಟುತ್ತ, ಅವಳ ಹಿಂದೆ ನಾನು, ನನಗಿಂತ ಮುಂದಾಗಿ ನೊಣ. ವೈದ್ಯಲಿಂಗಂ ಅವರ ಬಿಳಿ ಬಟ್ಟೆಯ ಮೇಜಿನ ಮೇಲೆ ಎಲೆ ಬಿಚ್ಚಿದಾಗ ನಾನು ಗೋಡೆಯ ಕಡೆ ನೋಡತೊಡಗಿದೆ.

"ಇವರು ಯಾರು?" ಎಂದರು ಡಾಕ್ಟರು, ಕಾಳಿಜವನ್ನು ತೋರಿಸಿ.

"ಕುರೀದ್ರಿ. ನೋಡ್ರಿ, ಇದು ಗೆಡ್ಡಿ. ಒಂದೇ ಕಡೆ ಕುಂತೈತಿ. ಇದು ಬಳ್ಳಿ." ಚೂರಿ ಎಳೆದ. ಕೊಳವೆ ಕರಕರ ಎಂದಿತು. "ಇದು ಎಲ್ಲಿ ಶುರುವಾತು, ಎಲ್ಲಿ ಮುಗೀತು ಗೊತ್ತಾಗಂಗಿಲ್ಲ. ಇದನ್ನ ಎಲ್ಲಿಗೆ ಅಂತ ಕೊಯ್ತೀರಿ? ಇನ್ನ ಗೊಂಚಲು ಇವತ್ತು ಸಿಗಲಿಲ್ಲ." ಚೆನ್ನಾಗಿರುವ ಒಂದು ಕೊಳವೆ ಸೀಳಿ ಬೇವಿನ ಹಣ್ಣಿನ ಗೊಂಚಲನ್ನು ಅದರೊಳಗೆ ಇಳಿಬಿಟ್ಟ. "ಹಿಂಗಿರ್ತೈತಿ. ತೊಟ್ಟು ಒಂದು ಕಡೆ, ಉಳಿದಿದ್ದೆಲ್ಲ ಜೋತಾಡ್ತೈತಿ. ನನ್ನ ಹೊಟ್ಟ್ಯಾಗ ಇವುರಾಗ ಯಾವುದಿದ್ರ ಏನು ಮಾಡ್ತೀರಿ ಅಂತ ಹೇಳ್ರಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೇವಿನ ಗೊಂಚಲನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದರು. ಅವರ ಪುಸ್ತಕದಲ್ಲೂ ಹೀಗೇ ಇತ್ತು: ಗಂಟಾಗಿ ಬೆಳೆಯುವುದು, ನಾಳದ ಗೋಡೆ ಹಿಡಿದು ಸಾಗುವುದು, ನಾಳದ ಒಳಕ್ಕೆ ಬೆಳೆಯುವುದು.

"ನೀವು ಯಾವ ಕಾಲೇಜು?" ಎಂದರು.

"ಹಗರಿ ದಂಡಿ."

ಆಮೇಲೆ ನಡೆದದ್ದು ಇಬ್ಬರು ವೈದ್ಯರ ಮಾತುಕತೆ. ನನ್ನ ಮಧ್ಯಸ್ಥಿಕೆ ಯಾರಿಗೂ ಬೇಕಾಗಲಿಲ್ಲ. ಗೆಡ್ಡೆಯಾಗಿದ್ದು ಅಂಚಿನಲ್ಲಿದ್ದರೆ ಯೋಚಿಸಬಹುದು, ನಡುವೆ ಇದ್ದರೆ ಮುಟ್ಟಲು ತನಗೆ ಧೈರ್ಯವಿಲ್ಲ ಎಂದರು ಡಾಕ್ಟರು. ಬಳ್ಳಿಯಾಗಿದ್ದರೆ ಹೊಟ್ಟೆ ಹೊಲಿದು ಮನೆಗೆ ಕಳಿಸುವುದೇ ಸರಿ, ಮೂರು ತಿಂಗಳು. ಗೊಂಚಲಾದರೆ ಕೀಳಬಹುದು, ವರ್ಷಗಟ್ಟಲೆ ಇರಬಹುದು. ಯಾವುದೇ ಆದರೂ ಮೇಜಿನ ಮೇಲೇ ಪ್ರಾಣ ಹೋಗುವುದೂ ಉಂಟು.

"ತೆರೀರಿ," ಎಂದ ಬೀರಪ್ಪ. "ಬಳ್ಳಿ ಆದ್ರ ಎಚ್ಚರಾದ ಮ್ಯಾಲೆ ನನಗ ಬಳ್ಳಿ ಅಂತ್ಲೇ ಹೇಳಬೇಕು. ಗೊಂಚಲಾದ್ರ ಕಿತ್ತಿದ್ದನ್ನ ಒಂದು ತಟ್ಟ್ಯಾಗ ಹಾಕಿ ತೋರಿಸಬೇಕು. ಇಷ್ಟು ದಿನ ಮಂದಿ ಕುರೀದು ನೋಡೀನಿ, ನಂದು ನಾ ನೋಡಬೇಕು."

ಡಾಕ್ಟರು ಉಜ್ಜಿನಮ್ಮನ ಕಡೆ ನೋಡಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಬಳ್ಳಿ ಆದ್ರ ಅವಗ ಹೇಳ್ರಿ ಸಾಮಿ. ನನಗ ಹೇಳಬ್ಯಾಡ್ರಿ."

ಶಸ್ತ್ರಕ್ರಿಯೆ ಗುರುವಾರ ಬೆಳಿಗ್ಗೆ. ನಾನೂ ಉಜ್ಜಿನಮ್ಮನೂ ಹೊರಗಿನ ಬೆಂಚಿನಲ್ಲಿ ಕೂತೆವು. ಅವಳು ಎರಡೂವರೆ ಗಂಟೆಯಲ್ಲಿ ಒಂದೇ ಮಾತಾಡಿದಳು: "ಗೊಂಚಲು ನಾಕೇ ನೋಡೀನಿ ಅಂತಿದ್ದ. ಐದನೇದು ಆಗಬಾರದೇನ್ರಿ?" ಸಮಾಧಾನದ ಮಾತು ಬಾಯಿಯವರೆಗೆ ಬಂತು. ಹಲ್ಲು ಕಚ್ಚಿ ಹಿಡಿದುಕೊಂಡೆ.

ಬಾಗಿಲು ತೆರೆಯಿತು. ವೈದ್ಯಲಿಂಗಂ ಕೈಯಲ್ಲಿ ಒಂದು ಎನಾಮಲ್ ತಟ್ಟೆ ಹಿಡಿದು ಬಂದರು. ಮುಖದ ಬಟ್ಟೆ ಇಳಿಸಿ, "ಗೊಂಚಲಿನವರು!" ಎಂದರು. ತಟ್ಟೆಯನ್ನು ನನ್ನ ಮೂಗಿನ ಕೆಳಗೆ ಹಿಡಿದರು. ನಮ್ಮ ಮಡಕಶಿರಾ ತೋಟಗಳ ಹಿಪ್ಪುನೇರಳೆ ಹಣ್ಣೇ, ಬಣ್ಣ ಮಾತ್ರ ಬೇರೆ. ಪುಸ್ತಕದಲ್ಲಿ ಓದಿದ್ದಕ್ಕೂ ತಟ್ಟೆಯಲ್ಲಿ ನೋಡುವುದಕ್ಕೂ ಇರುವ ವ್ಯತ್ಯಾಸವನ್ನು ಯೋಚಿಸುತ್ತಿದ್ದೆ ಎನ್ನುವುದಷ್ಟು ನೆನಪಿದೆ. ಕಣ್ಣು ಬಿಟ್ಟಾಗ ಬೆಂಚಿನ ಮೇಲೆ ಉದ್ದಕ್ಕೆ ಮಲಗಿದ್ದೆ. ಉಜ್ಜಿನಮ್ಮ ಅಳುತ್ತ, ನಗುತ್ತ, ಸೆರಗಿನಿಂದ ನನಗೆ ಗಾಳಿ ಹಾಕುತ್ತಿದ್ದಳು.

ನಾಲ್ಕನೇ ದಿನ ಬೀರಪ್ಪ ದಿಂಬಿಗೆ ಒರಗಿ ಕೂತ. ಪಕ್ಕೆಯಿಂದ ರಬ್ಬರ್ ಕೊಳವೆಯೊಂದು ಹೊರಬಂದು ಶೀಷೆಗೆ ಪಿತ್ತ ತೊಟ್ಟಿಕ್ಕುತ್ತಿತ್ತು. ಅದನ್ನು ನೋಡಿ ಅವನಿಗೆ ಪರಮ ಸಂತೋಷ. "ಬಣ್ಣ ಬಂದೈತಿ ನೋಡ್ರಿ, ಎಳೇ ಹುಲ್ಲು ತಿಂದ ಟಗರಿಂದು ಹಿಂಗೇ ಇರ್ತೈತಿ." ತಟ್ಟೆ ಬಂತು. ತುದಿಯ ಒಂದು ಚೂರನ್ನು ಡಾಕ್ಟರು ಮದ್ರಾಸಿಗೆ ಪರೀಕ್ಷೆಗೆ ಕಳಿಸಿದ್ದರು, ಉಳಿದದ್ದನ್ನು ಸ್ಪಿರಿಟ್ಟಿನಲ್ಲಿಟ್ಟಿದ್ದರು. ಬೀರಪ್ಪ ಹೆಬ್ಬೆರಳು ಒತ್ತಿದ, ಮೂಸಿ ಮುಖ ಸೊಟ್ಟಗೆ ಮಾಡಿದ, ತೊಟ್ಟನ್ನು ಬೆಳಕಿಗೆ ಹಿಡಿದ.

"ಡಾಕ್ಟ್ರೇ, ನಿಂತ್ಕೊಳ್ರಿ. ಇದೀಗ ನಿಮ್ಮ ಹಿಂಡು."

ಡಾಕ್ಟರು ವಿಧೇಯರಾಗಿ ಎದ್ದು ನಿಂತರು. ನರ್ಸಮ್ಮನೂ ನಿಂತಳು.

"ಗೊಂಚಲು, ಖರೆ. ತೊಟ್ಟು ಸಣ್ಣದೈತಿ. ಆದ್ರ ತೊಟ್ಟಿನ ಬುಡದಾಗ ಗಟ್ಟಿ ಐತಿ. ಬೇರು ಉಳದಿರ್ತೈತಿ, ಮತ್ತ ಚಿಗರ್ತೈತಿ. ನಾಕು ಮಳಿಗಾಲ. ಐದನೇದು ನಾ ಕಾಣಂಗಿಲ್ಲ."

"ಪುಸ್ತಕದವರು ಎರಡು ವರ್ಷ ಎನ್ನುತ್ತಾರೆ," ಎಂದರು ಡಾಕ್ಟರು ಮೆಲ್ಲಗೆ.

"ಪುಸ್ತಕದವ್ರು ಎಷ್ಟು ಕುರಿ ಕೊಯ್ದಾರ?"

ಆರು ವಾರಕ್ಕೆ ಮದ್ರಾಸಿನಿಂದ ಕಾಗದ ಬಂತು. ಕ್ಯಾನ್ಸರು ನಿಜ, ಆದರೆ ನಾಳದ ಒಳಮುಖವಾಗಿ ಬೆಳೆದದ್ದು, ನೋಡಿದ ಮಟ್ಟಿಗೆ ಗೋಡೆ ದಾಟಿಲ್ಲ. ಈ ಬಗೆಯವರು ಉಳಿದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ನಾನು ಹಟ್ಟಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಓದಿ ಹೇಳಿದೆ. ನಿಂತುಕೊಂಡೇ ಹೇಳಿದೆ ಎಂದು ದಾಖಲಿಸಬಯಸುತ್ತೇನೆ.

ಬೀರಪ್ಪ ಬೆಳ್ಳಗಾದ, ಅಂದರೆ ತನ್ನ ಮೊದಲಿನ ಕರಿಬಣ್ಣಕ್ಕೆ ಬಂದ. ಮತ್ತೆ ಎಲ್ಲರ ಮನೆಯ ಕಾಳಿಜ ಅವನ ಮನೆಗೆ ಬಂತು. ಬಂದವರಿಗೆಲ್ಲ ಕುರಿಯ ಭವಿಷ್ಯದ ಜೊತೆ ತನ್ನದನ್ನೂ ಸೇರಿಸಿ ಹೇಳುತ್ತಿದ್ದ: ನಾಲ್ಕು ಮಳೆಗಾಲ. ಅಳುತ್ತ ಹೇಳಲಿಲ್ಲ, ರೈಲಿನ ಹೊತ್ತು ಹೇಳುವವರ ಹಾಗೆ ಹೇಳಿದ. ಆ ಪ್ರಕಾರವೇ ವ್ಯವಸ್ಥೆ ಮಾಡಿದ. ಹೊಲದಲ್ಲಿ ತನ್ನನ್ನು ಮಣ್ಣು ಮಾಡುವ ಜಾಗಕ್ಕೆ ಕಲ್ಲು ಹೂಳಿಸಿದ. ನಾಲ್ಕನೇ ಮಳೆಗಾಲ ಬಂತು. ತಾನೇ ನೇಯ್ದ ಆರು ಕಂಬಳಿಗಳನ್ನು ನೆಂಟರಿಗೆ ಹಂಚಿದ. ನನಗೂ ಒಂದು ಬಂತು. ರೊಳ್ಳದ ಅತ್ತೆಗೂ ಒಂದು ಹೋಯಿತು. ಎಲ್ಲರನ್ನೂ ಕರೆದು ಊಟ ಹಾಕಿ ಕೈಮುಗಿದ. ನಾವೆಲ್ಲ ಕಣ್ಣೀರಿಟ್ಟು ಉಂಡು ಬಂದೆವು.

ಐದನೇ ಮಳೆಗಾಲವೂ ಬಂತು. ಬೀರಪ್ಪ ಇದ್ದ. ಊಟ ಮಾಡುತ್ತಿದ್ದ, ಗುಡ್ಡ ಹತ್ತುತ್ತಿದ್ದ, ಕಣ್ಣು ಹಾಲಿನಂತೆ ಬೆಳ್ಳಗಿತ್ತು. ಇದರಿಂದ ಅವನಿಗಾದ ಅವಮಾನ ಅಷ್ಟಿಷ್ಟಲ್ಲ. ಸೂರಪ್ಪ ಕಾಳಿಜ ತಂದವನು ಈಗ ಕುಂತೇ ಕೇಳುವನು.

"ಅರ್ಧ ಹಿಂಡು ಹೋಗ್ತೈತಿ ಅಂತೀಯಲ್ಲ ಮಾವ. ನೀನೂ ಹೋಗಬೇಕಿತ್ತು, ಹೋದ್ಯೇನು?"

ಚಳಿ ಬಿತ್ತು. ಕಂಬಳಿ ಯಾರೂ ವಾಪಸು ಕೊಡಲಿಲ್ಲ. ಕೊಟ್ಟವನೇ ಬಂದು ಕೇಳಿದರೆ ಏನು ಹೇಳುವುದೆಂದು ನಾನೂ ಎರಡು ಸಂತೆ ತಪ್ಪಿಸಿಕೊಂಡು ಓಡಾಡಿದೆ. ಉಜ್ಜಿನಮ್ಮ ಸಿಕ್ಕವರ ಹತ್ತಿರವೆಲ್ಲ ಹೇಳುತ್ತಿದ್ದಳು: "ಹೋಗ್ತೀನಿ ಹೋಗ್ತೀನಿ ಅಂತ ಎಲ್ಲಾ ಹಂಚಿದ. ಈಗ ನನ್ನ ಕಂಬಳಿಗೆ ಕಾಲು ತೂರಿಸ್ತಾನ." ಹೇಳುವಾಗ ಅವಳ ಮುಖ ನೋಡಬೇಕಿತ್ತು. ಮದುವೆಯ ಅರಿಶಿಣ ಆವತ್ತು ಹತ್ತಿದಂತಿತ್ತು.

ಕಡೆಗೆ ಬೀರಪ್ಪ ನನ್ನನ್ನು ಕರೆದುಕೊಂಡು ಬಳ್ಳಾರಿಗೆ ಜಗಳಕ್ಕೆ ಹೊರಟ. ವೈದ್ಯಲಿಂಗಂ ಅವರ ತಲೆ ನೆರೆತಿತ್ತು. ಇವನನ್ನು ನೋಡಿ ಕುರ್ಚಿಯಿಂದ ಎದ್ದೇ ನಿಂತರು.

"ನನ್ನ ಹೆಸರು ಕೆಡಿಸಿದ್ರಲ್ರಿ!" ಎಂದ ಬೀರಪ್ಪ. "ತೊಟ್ಟಿನಾಗ ಬೇರಿತ್ತು. ಚಿಗರಬೇಕಿತ್ತು. ಯಾಕ ಚಿಗರಲಿಲ್ಲ?"

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಕಣ್ಣು ನೋಡಿದರು, ನಕ್ಕರು. "ಗೊಂಚಲಿನವರನ್ನು ಕಿತ್ತ ಮೇಲೆ ಬೇರಿನವರು ಇದ್ದ ಜಾಗವನ್ನು ಕಾಯಿಸಿದ ಕಂಬಿಯಿಂದ ಸುಟ್ಟೆ. ನೀವು ತಟ್ಟೆಗೆ ಬಂದವರನ್ನು ನೋಡಿದಿರಿ. ಒಳಗೆ ಉಳಿದವರನ್ನು ನೋಡಿದವನು ನಾನು."

ಬೀರಪ್ಪ ತನ್ನ ಪಕ್ಕೆಯ ಮೇಲೆ ತಾನೇ ಹೆಬ್ಬೆರಳು ಒತ್ತಿ ನೋಡಿಕೊಂಡ. "ಅವತ್ತೇ ಹೇಳಬಾರದಿತ್ತೇನ್ರಿ? ಕಂಬಳಿಯಾದ್ರೂ ಉಳೀತಿತ್ತು."

"ನೀವು ಎಷ್ಟು ಖಚಿತವಾಗಿ ಹೇಳಿದಿರಿ! ನಾನು ಸುಟ್ಟದ್ದು ಸಾಲದೇನೋ ಎಂದು ನನಗೇ ಭಯವಾಯಿತು. ನಾಲ್ಕು ವರ್ಷ ನಿಮ್ಮ ಊರಿನ ಕಡೆಯಿಂದ ಯಾರು ಬಂದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು."

ಅಂದಿನಿಂದ ಅವನ ಶಾಸ್ತ್ರಕ್ಕೆ ಒಂದು ಮಾತು ಸೇರಿತು. ಗೆಡ್ಡೆ, ಬಳ್ಳಿ, ಗೊಂಚಲು ಎಲ್ಲ ಹೇಳಿ, ಇಷ್ಟು ದಿನ ಎಂದೂ ಹೇಳಿ, ಕಡೆಗೆ ಎಲೆ ಮಡಿಸುತ್ತ ಅನ್ನುತ್ತಾನೆ: "ಇದು ಎಲಿ ಮ್ಯಾಲೆ ಬಂದಿದ್ದರ ಮಾತು. ಉಳಿದಿದ್ದು ನಾ ನೋಡಿಲ್ಲ." ಸೂರಪ್ಪ ಈಗ ಮತ್ತೆ ನಿಂತೇ ಕೇಳುತ್ತಾನೆ.

ಇದು ಹನ್ನೊಂದನೇ ಮಳೆಗಾಲ. ಹೋದ ವಾರ ನಾನು ಹಟ್ಟಿಗೆ ಹೋಗಿದ್ದೆ. ಕಾರಣ ಹೇಳಿಬಿಡುತ್ತೇನೆ: ವೈದ್ಯಪುಸ್ತಕದಲ್ಲಿ ಕಾಳಿಜದ ಅಧ್ಯಾಯವನ್ನು ಎರಡನೇ ಸಲ ಓದಿದ್ದೆ, ಬಲಗಡೆ ಪಕ್ಕೆಯಲ್ಲಿ ಏನೋ ಹಿಡಿದಂತಾಗಿತ್ತು. ಬೀರಪ್ಪ ನನ್ನನ್ನು ಕಟ್ಟೆಯ ಮೇಲೆ ಮಲಗಿಸಿ ಹೆಬ್ಬೆರಳು ಒತ್ತಿದ. ಕಣ್ಣಿನ ರೆಪ್ಪೆ ಎತ್ತಿ ನೋಡಿದ. ಆಮೇಲೆ ಕೈ ಒರೆಸಿಕೊಂಡ.

"ಏಳ್ರಿ. ನಿಂತ್ಕೊಳ್ರಿ."

"ಕೂತೇ ಕೇಳ್ತೀನಿ ಬೀರಪ್ಪ. ದವಾಖಾನೆಗೆ ಹೊತ್ತಾಯ್ತು. ಇನ್ನೊಂದಿನ ಹೇಳಿದ್ರೂ..."

"ನಿಂತ್ಕೊಳ್ರಿ."

ಉಜ್ಜಿನಮ್ಮ ಒಳಗಿನಿಂದ ಬಂದು ನನ್ನ ಹಿಂದೆ ನಿಂತಳು. ಬಿದ್ದರೆ ಹಿಡಿಯುವುದಕ್ಕೆ ಎಂದು ಹೇಳಲಿಲ್ಲ, ಆದರೆ ಗಾಳಿ ಹಾಕಲು ಸೆರಗು ಸಡಿಲ ಮಾಡಿಕೊಂಡಿದ್ದಳು. ನಾನು ಎದ್ದು ನಿಂತೆ.

"ಗೆಡ್ಡಿ ಇಲ್ಲ, ಬಳ್ಳಿ ಇಲ್ಲ, ಗೊಂಚಲಿಲ್ಲ," ಎಂದ ಬೀರಪ್ಪ. "ಬುಕ್ಕು ಐತಿ. ಅದನ್ನ ಬೀರುದಾಗಿಟ್ಟು ಬೀಗ ಹಾಕ್ರಿ. ಇನ್ನೊಂದು ಮಾತು, ಆ ಕಂಬಳಿ ಯಾವಾಗ ತಂದುಕೊಡ್ತೀರಿ?"